ಒಳಗಿನಿಂದ ‘ಹಿಡಿ’ ಅನ್ನುವವನು

ನಮ್ಮ ಹರ್ತಿಯಲ್ಲಿ ಯಾರ ಮನೆಯಲ್ಲಿ ಮದುವೆಯ ಮಾತುಕತೆ ನಡೆದರೂ ನನ್ನನ್ನು ಕರೆದು ಕಂಬಕ್ಕೆ ಒರಗಿಸಿ ಕೂರಿಸುತ್ತಾರೆ. ನಾನು ಮಾತಾಡುವುದಿಲ್ಲ. ಎರಡೂ ಕಡೆಯವರು ಜೋರು ಮಾಡಿ ದಣಿದ ಮೇಲೆ ನನ್ನ ಮುಖ ನೋಡುತ್ತಾರೆ, ನಾನು ತಲೆ ಅಲ್ಲಾಡಿಸುತ್ತೇನೆ. ಅದು ಹೌದೆಂಬ ಅಲ್ಲಾಟವೋ ಅಲ್ಲವೆಂಬ ಅಲ್ಲಾಟವೋ ಎಷ್ಟೋ ಸಲ ನನಗೇ ಗೊತ್ತಿರುವುದಿಲ್ಲ. ಅವರವರಿಗೆ ಬೇಕಾದಂತೆ ತಿಳಿದುಕೊಂಡು ಎಲೆ ಅಡಿಕೆ ಹಾಕಿಕೊಂಡು ಏಳುತ್ತಾರೆ. ಉಳವಪ್ಪಜ್ಜ ತೂಕದ ಮನುಷ್ಯ ಎಂಬ ಹೆಸರು ನನಗೆ ಬಂದದ್ದು ಹೀಗೆ. ಖರೆ ಹೇಳಬೇಕೆಂದರೆ ಅರ್ಧ ಮಾತು ನನಗೆ ತಿಳಿಯುವುದೇ ಇಲ್ಲ, ತಿಳಿಯದ್ದನ್ನು ಕೇಳಲು ನಾಚಿಕೆ. ಮೂರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವನು ಬಾಯಿ ಮುಚ್ಚಿಕೊಂಡಿದ್ದರೆ ಏಳನೆಯ ಇಯತ್ತೆಯವನಂತೆ ಕಾಣುತ್ತಾನೆ ಎಂಬುದನ್ನು ನಾನು ಸಣ್ಣವನಿದ್ದಾಗಲೇ ಕಂಡುಕೊಂಡಿದ್ದೆ.

ಒಂದು ಗುಣ ಮಾತ್ರ ನನಗೆ ನಿಜವಾಗಿ ಇದೆ, ನೆನಪು. ಯಾವ ಊರಿನ ಯಾವ ಮನೆಯ ಹೆಣ್ಣು ಯಾವ ಮನೆಗೆ ಬಂದಳು, ಅವರ ಬೆಡಗು ಯಾವುದು, ಆ ಮದುವೆಯಲ್ಲಿ ಯಾರು ಸಿಟ್ಟಾಗಿ ಉಣ್ಣದೆ ಎದ್ದು ಹೋದರು, ಎಲ್ಲವೂ ತಲೆಯಲ್ಲಿದೆ. ನಮ್ಮಲ್ಲಿ ಬೆಡಗು ಒಂದೇ ಆದರೆ ಅವರು ಅಣ್ಣತಮ್ಮಂದಿರು, ಹೆಣ್ಣು ಕೊಡುವುದು ತರುವುದು ಇಲ್ಲ. ಬೆಡಗು ಬೇರೆಯಾದರೆ ಬೀಗರು. ಅದಕ್ಕೆ ನಿಶ್ಚಯದ ದಿನ ಬಾಯಿಗೆ ಸಕ್ಕರೆ ಹಾಕುವ ಮೊದಲು ಹಿರಿಯನೊಬ್ಬ ಎರಡೂ ಮನೆತನದ ಕೊಟ್ಟು ತಂದದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆ ಕೆಲಸ ನನ್ನದು. ವರ್ಷದಲ್ಲಿ ನಾನು ಜೋರಾಗಿ ಮಾತಾಡುವುದು ಅಷ್ಟೇ.

ಈಗ ಹೇಳಬೇಕಾದದ್ದು ನನ್ನ ಮೊಮ್ಮಗಳು ಶಾಂಭವಿಯ ಮದುವೆಯ ಸಂಗತಿ.

ಶಾಂಭವಿ ನನ್ನ ಮಗ ವೀರುವಿನ ಮಗಳು. ಹುಟ್ಟಿದಾಗಿನಿಂದ ಅವಳ ಚರ್ಮ ಉಳ್ಳಾಗಡ್ಡಿಯ ಒಳಸಿಪ್ಪೆಯ ಹಾಗೆ. ಸ್ವಲ್ಪ ತಿಕ್ಕಿದರೆ ಗುಳ್ಳೆ ಏಳುತ್ತಿತ್ತು, ಬಿಸಿಲಿಗೆ ಹೋದರೆ ಕೆಂಪಗೆ ಸುಡುತ್ತಿತ್ತು. ದೊಡ್ಡವಳಾದಂತೆ ಗುಳ್ಳೆ ಕಡಿಮೆಯಾದವು, ಆದರೆ ಅಂಗೈ ಹಿಂಭಾಗ ಇಂದಿಗೂ ತೆಳ್ಳಗೆ, ನೆರಿಗೆ ನೆರಿಗೆ, ನನ್ನ ಕೈಗಿಂತ ಮುದಿಯಾಗಿ ಕಾಣುತ್ತದೆ. ಓದಿನಲ್ಲಿ ಹುಷಾರು, ಗದಗಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದಳು. ಆದರೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ. ಎರಡು ರೊಟ್ಟಿ ಬಡಿದರೆ ಅಂಗೈ ಸುಲಿಯುತ್ತದೆ. ಅವಳು ಹಿಟ್ಟನ್ನು ಚಪಾತಿಯಂತೆ ಲಟ್ಟಿಸುತ್ತಾಳೆ.

ನಮ್ಮ ಕಡೆ ರೊಟ್ಟಿ ಬಡಿಯದ ಹೆಣ್ಣನ್ನು ಯಾರು ತರುತ್ತಾರೆ? ಮುಂಡರಗಿಯಿಂದ ಒಂದು ಮನೆಯವರು ನೋಡಲು ಬಂದಿದ್ದರು. ಹುಡುಗ ಬ್ಯಾಂಕಿನಲ್ಲಿದ್ದ, ಹುಡುಗಿಯನ್ನು ಮೆಚ್ಚಿದ. ಅವನ ತಾಯಿ ಅಡುಗೆಮನೆಯಲ್ಲಿ ಲಟ್ಟಣಿಗೆಯನ್ನೂ ಜೋಳದ ಹಿಟ್ಟನ್ನೂ ಒಟ್ಟಿಗೆ ನೋಡಿದಳು. ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸುತ್ತಿದ್ದಾರೆ.

ಆಗ ಶಾಂಭವಿಯ ಸೋದರಮಾವ ಸಿದ್ದರಾಮ ಲಕ್ಷ್ಮೇಶ್ವರದಿಂದ ಬಂದು, ನಮ್ಮ ಹುಡುಗಿ ನಮ್ಮ ಮನೆಗೇ ಬರಲಿ ಎಂದ. ಅವನ ಮಗ ನಂದೀಶ ಅಲ್ಲಿ ಪಾತ್ರೆ ಪಡಗದ ಬಾಂಡೆ ಅಂಗಡಿ ನೋಡಿಕೊಳ್ಳುತ್ತಾನೆ. ನಂದೀಶನಿಗೂ ಶಾಂಭವಿಗೂ ಮೊದಲಿನಿಂದ ಮಾತು ಜಾಸ್ತಿ. ಅವನು ನಮ್ಮ ಮನೆಗೆ ಬಂದಾಗಲೆಲ್ಲ ಉಸುಕಿನ ಕಾಗದ ತಂದು, ಕೊಡ, ಪರಾತ, ತಂಬಿಗೆಗಳ ಅಂಚನ್ನು ಅವಳ ಕೈಗೆ ತಾಗದ ಹಾಗೆ ತಿಕ್ಕಿ ನುಣುಪು ಮಾಡುತ್ತಾ ಕೂರುತ್ತಿದ್ದ. ಬಾಂಡೆ ಅಂಗಡಿಯವನಿಗೆ ಕೈ ಸುಮ್ಮನಿರುವುದಿಲ್ಲ ಎಂದು ನಾನು ತಿಳಿದಿದ್ದೆ. ಅದು ಪ್ರೀತಿ ಎಂದು ನನ್ನ ಹೆಂಡತಿ ಶಾರದವ್ವ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಎಲ್ಲರೂ ಒಪ್ಪಿದರು. ಶಾಂಭವಿ ಮಾತ್ರ, ಡಾಕ್ಟರರನ್ನು ಕೇಳದೆ ಆಗುವುದಿಲ್ಲ ಎಂದಳು. ಗದಗಿನಲ್ಲಿ ಅಮೀರಾ ಎಂಬ ಚರ್ಮದ ಡಾಕ್ಟರ್ ಇದ್ದಾರೆ, ಅಲ್ಲೇ ಹುಟ್ಟಿ ಬೆಳೆದವರು. ಶಾಂಭವಿಯ ರಕ್ತವನ್ನು ಅವರು ಪರೀಕ್ಷೆಗೆ ದೂರದ ಊರಿಗೆ ಕಳಿಸಿದ್ದರು. ಉತ್ತರ ಬಂದಿದೆ, ಬನ್ನಿ ಎಂದು ಕರೆ ಬಂತು. ವೀರು ಹತ್ತಿ ಬಿಡಿಸುವ ಆಳುಗಳ ಹಿಂದೆ ಇದ್ದ. ಸೊಸೆ ಕಾಂಚನಾ ಅದನ್ನು ಕೇಳಲು ತನ್ನ ಎದೆ ತಡೆಯುವುದಿಲ್ಲ ಎಂದಳು. ಕಡೆಗೆ, ಮಾವನವರು ಸಮಾಧಾನದವರು, ಅವರೇ ಹೋಗಲಿ ಎಂದಾಯಿತು. ತೂಕದ ಮನುಷ್ಯ ರುಮಾಲು ಸುತ್ತಿಕೊಂಡು ಬಸ್ಸು ಹತ್ತಿದ.

ಡಾಕ್ಟರ್ ಅಮೀರಾ ಒಂದು ಹಾಳೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಮನೆಗಳನ್ನು ಬರೆದು, ಕೆಳಗೆ ಒಂದು ಗೆರೆ ಎಳೆದರು.

“ಅಜ್ಜಾರ, ಇವು ಚರ್ಮದ ಕೋಶ ಅಂತ ತಿಳೀರಿ. ಒಂದೊಂದಕ್ಕೂ ಕಾಲು ಅದಾವು. ಆ ಕಾಲು ಕೆಳಗಿನ ನೆಲಾ ಗಟ್ಟಿ ಹಿಡೀಬೇಕು. ಶಾಂಭವಿ ಮೈಯಾಗ ಕಾಲೂ ಅದಾವು, ನೆಲಾನೂ ಐತಿ. ಆದ್ರ ಕೋಶದ ಒಳಗ ಕುಂತು ಕಾಲಿಗೆ ‘ಹಿಡಿ’ ಅಂತ ಹೇಳೋ ಒಂದು ಪ್ರೋಟೀನ್ ಇಲ್ಲ. ಹಿಡಿಯೂದು ಹೊರಗ ಕಾಣತೈತಿ, ಅದರ ಹುಕುಮು ಒಳಗಿಂದ ಬರಬೇಕು.”

ಪ್ರೋಟೀನ್ ಎಂಬ ಮಾತು ನನಗೆ ಗೊತ್ತಿತ್ತು. ಟಿವಿಯಲ್ಲಿ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ. ಗೊತ್ತಿರುವ ಮಾತು ಸಿಕ್ಕ ಸಂತೋಷಕ್ಕೆ ನಾನು, ದಿನಾ ಹೆಸರುಕಾಳು ನೆನೆಸಿ ತಿನ್ನಿಸಿದರೆ ಬರುತ್ತದೆಯೇ ಎಂದು ಕೇಳಿದೆ. ಡಾಕ್ಟರ್ ನಗಲಿಲ್ಲ. ಶಾಂಭವಿ ನಕ್ಕಳು.

ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಪುಡಿಯಾಗುತ್ತದೆ, ಇದು ಹಾಗೆ ಬರುವುದಲ್ಲ, ಪ್ರತಿಯೊಂದು ಕೋಶವೂ ತನ್ನೊಳಗೇ ಮಾಡಿಕೊಳ್ಳಬೇಕು ಎಂದು ಅವರು ತಿಳಿಸಿದರು. ಮಾಡುವ ರೀತಿ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಎರಡರಲ್ಲಿ ಒಂದು ಸರಿಯಿದ್ದರೂ ಸಾಕು, ಮನುಷ್ಯನಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಶಾಂಭವಿಗೆ ಎರಡೂ ಕೆಟ್ಟದ್ದೇ ಬಂದಿವೆ. ಒಳಗೆ ಹುಕುಮು ಕೊಡುವ ಪ್ರೋಟೀನ್ ಇನ್ನೊಂದು ಇದೆ, ಇಲ್ಲದ್ದರ ಕೆಲಸವನ್ನು ಪೂರ್ತಿಯಲ್ಲದಿದ್ದರೂ ಅಷ್ಟಿಷ್ಟು ಸಂಬಾಳಿಸುವ, ಅದರ ಅಣ್ಣತಮ್ಮನಂಥದೂ ಒಂದು ಇದೆ, ಅದಕ್ಕೇ ದೊಡ್ಡವಳಾದಂತೆ ಗುಳ್ಳೆ ಕಡಿಮೆಯಾಗಿರಬೇಕು ಎಂದರು. ಬಿಸಿಲು ತಪ್ಪಿಸಬೇಕು, ಹಲ್ಲು ಒಸಡು ನೋಡಿಸಿಕೊಳ್ಳಬೇಕು, ವರ್ಷ ವರ್ಷ ಬರಬೇಕು.

ಇಷ್ಟು ನನಗೆ ಚೆನ್ನಾಗಿಯೇ ತಿಳಿಯಿತು. ಹೊಲದಲ್ಲಿ ಆಳುಗಳು ನಿಂತಿದ್ದಾರೆ, ಕೈಯಲ್ಲಿ ಕುಡಗೋಲು ಇದೆ, ಬೆಳೆಯೂ ಇದೆ, ಹಚ್ಚಿರಿ ಎನ್ನುವ ಮುಕಾದಮ ಮಾತ್ರ ಬಂದಿಲ್ಲ. ಆಳುಗಳನ್ನು ಬೈದು ಏನು ಉಪಯೋಗ? ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಮುಂದಿನ ಮಾತು ಮದುವೆಯದು. ಹೆಣ್ಣಿನ ಮದುವೆಯ ಮಾತು ಹೆಣ್ಣನ್ನು ಎದುರು ಕೂರಿಸಿಕೊಂಡು ಆಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಶಾಂಭವಿಗೆ, ಹೊರಗೆ ಹೋಗಿ ಚಹಾ ಕುಡಿದು ಬಾ ಎಂದೆ. ಅವಳು ಡಾಕ್ಟರರ ಮುಖ ನೋಡಿದಳು, ನನ್ನ ರುಮಾಲು ನೋಡಿದಳು, ಎದ್ದು ಹೋದಳು. ಡಾಕ್ಟರ್ ಏನೋ ಹೇಳಲು ಹೋಗಿ ಬಿಟ್ಟರು. ಬಾಗಿಲಲ್ಲಿ ಜನ ತುಂಬಿದ್ದರು.

“ಹುಡುಗ ನಿಮಗ ರಕ್ತಸಂಬಂಧ ಏನ್ರಿ, ಅಜ್ಜಾರ?”

“ಛೇ, ಒಂದ ರಕ್ತದಾಗ ಯಾರರೆ ಹೆಣ್ಣು ಕೊಡತಾರೇನ್ರಿ? ಬೆಡಗ ಬ್ಯಾರೆ ಐತ್ರಿ. ಅವರು ಬೀಗರು.”

ನನಗೆ ಸಿಟ್ಟೇ ಬಂದಿತ್ತು. ಅಣ್ಣತಂಗಿಗೆ ಮದುವೆ ಮಾಡುವವರು ಎಂದು ತಿಳಿದಳೇ ಈ ಡಾಕ್ಟರ್ ಹುಡುಗಿ ಎನ್ನಿಸಿತು. ನನ್ನ ಬಿಳಿ ಮೀಸೆ, ಕೆಂಪು ಕಣ್ಣು ನೋಡಿ ಡಾಕ್ಟರರೂ ಮತ್ತೆ ಕೇಳಲಿಲ್ಲ. ಹಾಗಿದ್ದರೆ ಹೆದರುವ ಕಾರಣ, ಕಾಳಜಿ ಭಾಳ ಕಡಿಮೆ, ಸಂಬಂಧವಿಲ್ಲದವರಲ್ಲಿ ಇದೇ ತಪ್ಪು ಇರುವುದು ಅಪರೂಪ, ಬೇಕಾದರೆ ಹುಡುಗನ ರಕ್ತವನ್ನೂ ನೋಡಬಹುದು ಎಂದರು. ನಾನು ಕಾಳಜಿ ಕಡಿಮೆ ಎಂಬುದನ್ನು ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಬಂದೆ.

ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಮುಕಾದಮನ ಕಥೆಯನ್ನೆಲ್ಲ ಹೇಳಿದೆ. ಆತ ಕುರ್ತಕೋಟಿಯ ಕಡೆಯವನು, ಎಲ್ಲ ಕೇಳಿ, ನಮ್ಮ ಊರಲ್ಲೂ ಆಳುಗಳದ್ದು ಇದೇ ಹಣೆಬರಹ ಎಂದ. ಕಿಟಕಿಯ ಕಡೆ ಕೂತ ಶಾಂಭವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಡಾಕ್ಟರ್ ಏನಂದರು ಎಂದು ಅವಳು ಇಳಿಯುವ ಮೊದಲು ಕೇಳಿದಳು. ಕಾಳಜಿ ಇಲ್ಲ ಅಂದರು ಎಂದೆ. ಕಡಿಮೆ ಎಂಬುದು ಅಷ್ಟರಲ್ಲಿ ಇಲ್ಲ ಆಗಿತ್ತು. ಅವಳ ಮುಖ ಎಷ್ಟು ಬೆಳಗಿತೆಂದರೆ ಇನ್ನೊಂದು ಪ್ರಶ್ನೆ ಅವಳಿಗೂ ಬರಲಿಲ್ಲ.

ನಿಶ್ಚಯಕ್ಕೆ ಲಕ್ಷ್ಮೇಶ್ವರದವರು ನಮ್ಮ ಮನೆಗೆ ಬಂದರು. ಪಡಸಾಲೆ ತುಂಬ ಜಮಖಾನೆ. ನಂದೀಶ ಹೊಸ ಅಂಗಿಯಲ್ಲಿ ಬಿಗಿದು ಕೂತಿದ್ದ. ಸಿದ್ದರಾಮ ಸಕ್ಕರೆಯ ಬಟ್ಟಲು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ನಾನು ಗಂಟಲು ಸರಿಮಾಡಿಕೊಂಡು ಎರಡೂ ಬೆಡಗು ಹೇಳಿದೆ, ಎರಡೂ ಬೇರೆ. ಆಮೇಲೆ ಕೊಟ್ಟು ತಂದದ್ದು.

“ಲಕ್ಷ್ಮೇಶ್ವರದ ಮನಿತನದ ಮಗಳು ಶಾರದವ್ವ ಹರ್ತಿಯ ಈ ಮನಿಗೆ ಬಂದ್ಲು. ಶಾರದವ್ವನ ಅಣ್ಣನ ಮಗಳು ಕಾಂಚನಾ ಈ ಮನಿಯ ವೀರೂಗ ಬಂದ್ಲು. ಈಗ ಕಾಂಚನಾನ ಮಗಳು ಶಾಂಭವಿ, ಕಾಂಚನಾನ ಅಣ್ಣನ ಮಗ ನಂದೀಶಗ...”

ಎಷ್ಟೋ ಮನೆಯಲ್ಲಿ ಎಷ್ಟೋ ಸಲ ಹೇಳಿದ ಮಾತು, ತಡೆಯಿಲ್ಲದೆ ಹೋಗುತ್ತಿತ್ತು. ಆ ದಿನ ಡಾಕ್ಟರರ ಹಾಳೆ ಕಣ್ಣಮುಂದೆ ಬಂತು. ತಂದೆಯಿಂದ ಒಂದು, ತಾಯಿಯಿಂದ ಒಂದು. ವೀರುವಿಗೆ ಬಂದದ್ದು ಯಾರಿಂದ? ಅವನ ತಾಯಿ ಶಾರದವ್ವನಿಂದ ಇರಬೇಕು. ಕಾಂಚನಾಗೆ ಬಂದದ್ದು? ಶಾರದವ್ವನ ಅಣ್ಣನಿಂದ. ಅಣ್ಣತಂಗಿ ಹುಟ್ಟಿದ್ದು ಒಂದೇ ಮನೆ. ಆ ಮನೆಯ ಮೊಮ್ಮಗ ಎದುರಿಗೇ ಹೊಸ ಅಂಗಿ ಹಾಕಿಕೊಂಡು ಕೂತಿದ್ದಾನೆ. ನನ್ನ ಬಾಯಿಂದಲೇ ಬಂದ ಹೆಸರುಗಳು ಹೋಗಿ ಹೋಗಿ ಒಂದೇ ಹೊಸ್ತಿಲಲ್ಲಿ ನಿಂತವು. ಬೆಡಗು ಬೇರೆ ಎಂದು ಕಣ್ಣು ಕೆಂಪು ಮಾಡಿ ಬಂದಿದ್ದೆನಲ್ಲ!

“ತಡಿ ಸಿದ್ದರಾಮ,” ಎಂದೆ. “ಸಕ್ಕರಿ ಹಾಕಬ್ಯಾಡ. ನಾ ಡಾಕ್ಟರ್‌ಗೆ ತಪ್ಪು ಹೇಳಿ ಬಂದೇನಿ.”

ಪಡಸಾಲೆಯಲ್ಲಿ ಗದ್ದಲ ಎದ್ದಿತು. ಅಜ್ಜನಿಗೆ ಬಿಸಿಲು ಹತ್ತಿದೆ, ನೀರು ಕೊಡಿ ಎಂದು ಯಾರೋ ಅಂದರು. ವೀರು ನನ್ನನ್ನು ಒಳಗೆ ಕರೆದೊಯ್ಯಲು ಬಂದ. ನಾನು ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ತಡವರಿಸುತ್ತಾ ಹೇಳಿದೆ. ರಕ್ತ ಒಂದಲ್ಲ, ಬೆಡಗು ಬೇರೆ ಎಂದು ಹೇಳಿದ್ದೂ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದವ್ವ ಅಷ್ಟು ಮಂದಿಯ ಎದುರು ನನ್ನ ಜೊತೆ ಎಂದೂ ಮಾತಾಡಿದವಳಲ್ಲ.

“ರಕ್ತ ಯಾವುದು ಅಂತ ಕೇಳಿದ್ರ, ನನ್ನ ರಕ್ತ ಲೆಕ್ಕಕ್ಕ ಹಿಡೀಲಿಲ್ಲೇನ್ರಿ ನೀವು?”

ಈ ಸಲದ ನನ್ನ ಮೌನವನ್ನು ಯಾರೂ ವಿಚಾರ ಎಂದು ತಿಳಿಯಲಿಲ್ಲ. ಅವಳು ನಮ್ಮ ಮನೆಗೆ ಬಂದು ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾಳೆ. ಅವೆಲ್ಲ ನನ್ನ ಬೆಡಗಿನವು, ನನ್ನ ಮೂಗಿನವು ಎಂದೇ ನಾನು ತಿಳಿದಿದ್ದೆ. ಅವಳನ್ನು ಬರೀ ಬುತ್ತಿ ಕಟ್ಟಿಕೊಂಡು ಬಂದವಳಂತೆ, ರಕ್ತವನ್ನು ತವರಿನಲ್ಲಿ ಇಟ್ಟು ಬಂದವಳಂತೆ ನಡೆಸಿಕೊಂಡಿದ್ದೆ.

ಬಟ್ಟಲಿನ ಸಕ್ಕರೆ ಡಬ್ಬಿಗೆ ಹೋಯಿತು. ಹೋಳಿಗೆ ಮಾತ್ರ ಎಲ್ಲರೂ ಉಂಡರು, ಮಾಡಿದ ಅಡುಗೆ ಕೆಡಿಸಬಾರದಲ್ಲ. ಹೋಗುವಾಗ ನಂದೀಶ ತಾನೇ ಶಾಂಭವಿಗೆ, ನಾಳೆಯೇ ಗದಗಿಗೆ ಬಂದು ರಕ್ತ ಕೊಡುತ್ತೇನೆ ಎಂದ. ಕೊಟ್ಟ.

ಉತ್ತರ ಬರುವ ತನಕ ಮನೆಯಲ್ಲಿ ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಂಭವಿ ಮಾತ್ರ ಬಂದು ಪಕ್ಕದಲ್ಲಿ ಕೂತು, ಆ ಹಾಳೆಯ ಚಿತ್ರವನ್ನು ನೆಲದ ಮೇಲೆ ಬೆರಳಿನಿಂದ ಬರೆದು ಬರೆದು ತೋರಿಸುತ್ತಿದ್ದಳು. ಕಾಲು ಹಿಡಿದಾಗ ನೆಲ ಎಷ್ಟು ಗಟ್ಟಿ ಇದೆ ಎಂಬ ಸುದ್ದಿ ಕೋಶದ ಒಳಗೂ ಹೋಗುತ್ತದಂತೆ, ಅದನ್ನು ಕೇಳಿ ಒಳಗಿನವರು ಇನ್ನಷ್ಟು ಬಿಗಿ ಮಾಡುತ್ತಾರಂತೆ. ಹಾಗಾದರೆ ಮುಕಾದಮನೂ ಆಳುಗಳ ಮಾತು ಕೇಳುತ್ತಾನೆ ಎಂದಾಯಿತು ಎಂದೆ. ನಮ್ಮ ಕಡೆಯ ಮುಕಾದಮರು ಕೇಳುವುದಿಲ್ಲ, ಅಲ್ಲಿ ನನ್ನ ಉಪಮೆ ಕುಂಟಿತು.

ಈ ಸಲ ಡಾಕ್ಟರರ ಎದುರು ಎಲ್ಲರೂ ಹೋದೆವು. ಶಾಂಭವಿಯನ್ನು ನಡುವಿನ ಕುರ್ಚಿಯಲ್ಲಿ ಡಾಕ್ಟರರೇ ಕೂರಿಸಿದರು. ನಂದೀಶನಲ್ಲೂ ಅದೇ ತಪ್ಪು ಒಂದು ಇದೆ ಎಂದರು. ಒಂದೇ ಆದ್ದರಿಂದ ಅವನಿಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಇವರಿಬ್ಬರಿಗೆ ಮಕ್ಕಳಾದರೆ ಪ್ರತಿ ಸಲವೂ ಅರ್ಧಕ್ಕರ್ಧ ಸಂಭವ, ಶಾಂಭವಿಯ ಹಾಗೆ ಆಗಬಹುದು, ಆಗದಿರಬಹುದು. ಬಸುರಿನ ಮೊದಮೊದಲೇ ನೋಡಿ ತಿಳಿಯಲು ದಾರಿ ಇದೆ. ಬೇರೆ ಬೇರೆ ಕಡೆ ಮದುವೆಯಾದರೆ ಇಬ್ಬರಿಗೂ ಈ ಹೆದರಿಕೆ ಇಲ್ಲದಂತೆಯೇ. ಏನು ಮಾಡಬೇಕೆಂಬುದು ಇವರಿಬ್ಬರ ಮಾತು, ಹಿರಿಯರದಲ್ಲ ಎಂದೂ ನನ್ನ ಮುಖ ನೋಡಿ ಹೇಳಿದರು.

ಅವರಿಬ್ಬರೂ ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನಿಂತು ಬಹಳ ಹೊತ್ತು ಮಾತಾಡಿದರು. ಮದುವೆಯಾಗುತ್ತೇವೆ, ಮಕ್ಕಳ ಮಾತು ಡಾಕ್ಟರರ ಜೊತೆ ಕೂತು ನಾವೇ ತೀರ್ಮಾನಿಸುತ್ತೇವೆ ಎಂದು ಬಂದು ಹೇಳಿದರು. ಸಿದ್ದರಾಮ ನೇರ ಬಸ್ ನಿಲ್ದಾಣದ ಕಡೆ ನಡೆದ. ಮರುದಿನ ಫೋನ್ ಮಾಡಿ, ಈ ಸಂಬಂಧ ಬೇಡ ಎಂದು ಕಾಂಚನಾಗೆ ಹೇಳಿ ಇಟ್ಟುಬಿಟ್ಟ.

ಶಾಂಭವಿ ನನ್ನ ಹತ್ತಿರ ಬಂದಳು. ಅತ್ತಿದ್ದಳು, ಆದರೆ ದನಿ ಗಟ್ಟಿಯಿತ್ತು.

“ಅಜ್ಜಾ, ನೀವು ಹೋಗಿ ಮಾಮಾನ ಕೂಡ ಮಾತಾಡ್ರಿ. ನಿಮ್ಮ ಮಾತಂದ್ರ ಅವರು ತಗದಹಾಕೂದಿಲ್ಲ.”

ನನ್ನ ಮಾತನ್ನು ಯಾರೂ ತೆಗೆದುಹಾಕಿಲ್ಲ, ನಿಜ. ತೆಗೆದುಹಾಕಲು ನಾನು ಎಂದಾದರೂ ಆಡಿದ್ದರೆ ತಾನೆ? ಅದನ್ನು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ. ಶಿರಹಟ್ಟಿಯ ತನಕ ಒಂದು ಭಾಷಣ ಕಟ್ಟಿದೆ, ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಹೋಗುವಷ್ಟರಲ್ಲಿ ಅದನ್ನು ಮರೆತೆ. ಮೂರು ತಲೆಮಾರಿನ ಬೀಗತನ ನೆನಪಿರುವ ತಲೆಯಲ್ಲಿ ನಾಲ್ಕು ಮಾತು ನಿಲ್ಲಲಿಲ್ಲ.

ಸಿದ್ದರಾಮ ಅಂಗಡಿಯಲ್ಲಿ ಕೊಡಗಳ ನಡುವೆ ಕೂತಿದ್ದ. ನಂದೀಶ ಮಾಳಿಗೆಯ ಮೇಲೆ ನಿಂತು ಸಾಮಾನು ಇಳಿಸುತ್ತಿದ್ದ. ತಂದೆ ಮಗ ಮಾತು ಬಿಟ್ಟಿದ್ದರೆಂದು ಕಾಣುತ್ತಿತ್ತು, ಪಾತ್ರೆಗಳು ಮಾತ್ರ ಸದ್ದು ಮಾಡುತ್ತಿದ್ದವು. ಚಹಾ ತರಿಸಿದ. ನಾನು ಬಾಯಿ ತೆರೆಯುವ ಮೊದಲು ಅವನೇ ಮಾತಾಡಿದ.

“ಮಾವಾರ, ಶಾಂಭವಿ ಹುಟ್ಟಿದ್ದು ಈ ಮನ್ಯಾಗ. ಮೆತ್ತನ್ನ ಅರಿವಿ ಹಾಸಿದ್ರೂ ಮೈ ಸುಲೀತಿತ್ತು. ಎಳೀ ಬಾಳಿ ಎಲಿ ತಂದು ಹಾಸಿ, ಅದರ ಮ್ಯಾಲ ಆ ಕೂಸಿನ್ನ ಮಲಗಿಸಿದಾಂವ ನಾನು. ಎತ್ತಾಕ ಹೋದ್ರ ನನ್ನ ಬೆರಳ ಹತ್ತಿದಲ್ಲೆ ಗುಳ್ಳಿ. ಮತ್ತೊಂದ ಸಲ ಅದನ್ನ ನೋಡೂದು ನನ್ನ ಕೈಲೆ ಆಗೂದಿಲ್ರಿ.”

ಇದು ನನಗೆ ಗೊತ್ತಿರಲಿಲ್ಲ. ಬಾಣಂತನ ತವರಿನಲ್ಲಿ. ಕೂಸಿನ ಮೈ ಒಂದಿಷ್ಟು ಆರಿದ ಮೇಲೆ ನಾನು ನೋಡಿದ್ದು. ಅವನು ಹುಡುಗಿ ಬೇಡವೆಂದು ಅಂದದ್ದಲ್ಲ, ಆ ಎಲೆ ಬೇಡವೆಂದು ಅಂದದ್ದು.

ಇಂಥ ಹೊತ್ತಿನಲ್ಲಿ ತಲೆ ಅಲ್ಲಾಡಿಸಿ ಎದ್ದು ಬರುವುದೇ ನನ್ನ ರೂಢಿ. ಶಾಂಭವಿಯ ಮುಖ ನೆನಪಾಗಿ ಕೂತೆ, ಮಾತಾಡಿದೆ. ಏನು ಮಾತಾಡಿದೆನೋ! ಮುಕಾದಮನಿಂದ ಶುರು ಮಾಡಿದೆ. ಇಬ್ಬರು ಮುಕಾದಮರು, ಒಬ್ಬ ರಜೆ, ಇನ್ನೊಬ್ಬನ ಮೇಲೆ ಭಾರ. ಅಲ್ಲಿಂದ ಜೋಳಕ್ಕೆ ಬಂದೆ. ಹಳೇ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಎಷ್ಟು ನಾದಿದರೂ ರೊಟ್ಟಿ ಹರಿಯುತ್ತದೆ, ನಾದುವ ಕೈಯ ತಪ್ಪಲ್ಲ, ಕಾಳಿನ ಒಳಗಿನದು. ಆದರೆ ಅರ್ಧ ಹಳೇ ಜೋಳಕ್ಕೆ ಅರ್ಧ ಹೊಸ ಜೋಳ ಬೆರೆಸಿದರೆ ಎಲ್ಲ ರೊಟ್ಟಿಯೂ ಅರ್ಧ ಅರ್ಧ ಚೆನ್ನಾಗಿ ಬರುತ್ತವೆ, ಹಾಗೆಯೇ ಇವರ ಮಕ್ಕಳೆಲ್ಲ ಅರ್ಧ ಗಟ್ಟಿ ಚರ್ಮದವರಾಗುತ್ತಾರೆ ಎಂದೆ. ಕೊಡ ಕೊಳ್ಳಲು ಬಂದ ಹೆಂಗಸು ಕೊಡ ಕೆಳಗಿಟ್ಟು ನಿಂತು ಕೇಳುತ್ತಿದ್ದಳು. ಮಾಳಿಗೆಯ ಮೇಲೆ ಸದ್ದು ನಿಂತಿತು.

ಸಿದ್ದರಾಮನಿಗೆ ತಡೆಯಲಾಗಲಿಲ್ಲ.

“ಮಾವಾರ, ಡಾಕ್ಟರ್ ಹಂಗ ಹೇಳಿಲ್ರಿ. ಅರ್ಧ ಅಂದ್ರ ಎಲ್ಲಾ ಕೂಸೂ ಅರ್ಧ ಆಗತಾವು ಅಂತಲ್ಲ. ಆತಂದ್ರ ಪೂರ್ತಿ ಆಗತೈತಿ, ಇಲ್ಲಾಂದ್ರ ಇಲ್ಲ. ಇಲ್ಲದ್ದು ನಂದೀಶನಂಗ ಆರಾಮ ಇರತೈತಿ. ಯಾವುದು ಅಂತ ಮೊದಲ ನೋಡಾಕ ಬರತೈತಿ.”

ಅದು ಹೇಗೆ, ಒಂದೇ ಹಿಟ್ಟಿನ ರೊಟ್ಟಿ ಬೇರೆ ಬೇರೆ ಹೇಗಾಗುತ್ತವೆ ಎಂದು ನಾನು ಹಟ ಮಾಡಿದೆ. ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ಅವನು ಸಿಟ್ಟಿನಿಂದ ಎದ್ದು ನಾಲ್ಕು ತಂಬಿಗೆ ತಂದು ಎದುರಿಗೆ ಇಟ್ಟ, ಎರಡು ತಾಮ್ರದವು, ಎರಡು ಸ್ಟೀಲಿನವು. ತಾಮ್ರದ್ದು ಕೆಟ್ಟದ್ದು ಎಂದು ತಿಳಿಯಿರಿ ಎಂದ. ಶಾಂಭವಿಯ ಹತ್ತಿರ ಇರುವುದು ತಾಮ್ರ ಎರಡು, ಯಾವುದನ್ನು ಕೊಟ್ಟರೂ ತಾಮ್ರವೇ. ನಂದೀಶನ ಹತ್ತಿರ ತಾಮ್ರ ಒಂದು ಸ್ಟೀಲು ಒಂದು ಎಂದು ಒಂದು ಸ್ಟೀಲನ್ನು ಆ ಕಡೆ ಸರಿಸಿದ, ಇನ್ನೊಂದು ತಾಮ್ರಕ್ಕಾಗಿ ಸುತ್ತ ಹುಡುಕಿದ. ಕೊಡದ ಹೆಂಗಸು ಹಲಗೆಯ ಮೇಲಿಂದ ಒಂದನ್ನು ತೆಗೆದು ಕೊಟ್ಟಳು. ಅವನು ಒಂದೊಂದನ್ನೇ ಜೋಡಿ ಮಾಡಿ ತೋರಿಸಿದ. ತಾಮ್ರ ತಾಮ್ರ. ತಾಮ್ರ ಸ್ಟೀಲು. ಮತ್ತೆ ತಾಮ್ರ ತಾಮ್ರ. ಮತ್ತೆ ತಾಮ್ರ ಸ್ಟೀಲು.

ಹಾಗೆ ಜೋಡಿಸುತ್ತಾ ಜೋಡಿಸುತ್ತಾ ಅವನ ಕೈ ಮೆಲ್ಲಗಾಯಿತು. ತಾಮ್ರ ಸ್ಟೀಲಿನ ಜೋಡಿ ಮುಂದಿಟ್ಟುಕೊಂಡು ಬಹಳ ಹೊತ್ತು ನೋಡಿದ. ಇಷ್ಟು ದಿನ ಅವನ ಕಣ್ಣಿಗೆ ಬಾಳೆ ಎಲೆಯೊಂದೇ ಇತ್ತು. ಎಲೆ ಬೇಡದ ಕೂಸೂ ಹುಟ್ಟಬಹುದು ಎಂಬುದನ್ನು ಅವನೇ ಈಗ ನನಗೆ ಕಲಿಸುತ್ತಿದ್ದ.

ನಂದೀಶ ಏಣಿಯಿಂದ ಇಳಿದು ಬಂದ. ತಂದೆಯ ಎದುರು ನಿಂತ.

“ಅಪ್ಪಾ, ನನ್ನ ಕೇಳಬ್ಯಾಡ. ಆಕಿನ್ನ ಕೇಳು.”

ಸಿದ್ದರಾಮ ಅಂಗಡಿಯ ಕದ ಎಳೆದ. ಕೊಡದ ಹೆಂಗಸಿಗೆ, ನಾಳೆ ಬಾರವ್ವಾ ಎಂದ. ಮೂವರೂ ಹರ್ತಿಗೆ ಬಂದಾಗ ಹೊತ್ತು ಇಳಿದಿತ್ತು, ಕಾಂಚನಾ ಕಣದಲ್ಲಿ ಒಣಗಿಸಿದ ಕಾಳು ಬಾಚುತ್ತಿದ್ದಳು. ಸಿದ್ದರಾಮ ಪಡಸಾಲೆಗೆ ಬರದೆ ನೆಟ್ಟಗೆ ಶಾಂಭವಿ ಇದ್ದಲ್ಲಿಗೆ, ಅಡುಗೆಮನೆಗೆ ಹೋದ. ಗಂಡಸರು ಸುಮ್ಮನೆ ಹೋಗುವ ಜಾಗವಲ್ಲ ಅದು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ಅವನು ಬಾಳೆ ಎಲೆಯ ಮಾತನ್ನು ಅವಳಿಗೂ ಹೇಳಿದ. ಅವಳಿಗೆ ಗೊತ್ತಿತ್ತು, ಕಾಂಚನಾ ಹೇಳಿದ್ದಳು. ನಿನ್ನಂಥದೇ ಹುಟ್ಟಿದರೆ ಎಂದು ಕೇಳಿದ. ಅವಳು ಲಟ್ಟಣಿಗೆ ಬದಿಗಿಟ್ಟಳು.

“ಅದು ನನಗೂ ಹೆದರಿಕಿ ಐತಿ, ಮಾಮಾ. ಇಲ್ಲ ಅನ್ನೂದಿಲ್ಲ. ಆ ಕೂಸಿನ ಮೈ ಹೆಂಗ ಹಿಡಿಬೇಕು ಅನ್ನೂದು ನಿಮಗಿಂತ ನನಗ ಚಲೋ ಗೊತ್ತೈತಿ. ಬ್ಯಾಡ ಅನಿಸಿದ್ರ ಮಕ್ಕಳ ಬ್ಯಾಡ ಅಂತ ನಾವಿಬ್ಬರೂ ಮಾತಾಡೇವಿ. ಆದ್ರ ನಾ ಹುಟ್ಟಬಾರದಿತ್ತು ಅಂತ ಮಾತ್ರ ಅನ್ನಬ್ಯಾಡ್ರಿ.”

ಸಿದ್ದರಾಮ ಹಾಗೆ ಅಂದಿರಲಿಲ್ಲ. ಆದರೆ ಅವನು ಅಂದದ್ದರ ಒಳಗೆ ಅದು ಇತ್ತು ಎಂದು ಅವನಿಗೂ ಕಂಡಿರಬೇಕು. ಒಲೆಯ ಪಕ್ಕದ ಮಣೆಯ ಮೇಲೆ ಕೂತುಬಿಟ್ಟ. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ, ಹಸಿವಾಗಿದೆ, ನಿನ್ನ ಆ ಲಟ್ಟಿಸಿದ ರೊಟ್ಟಿ ಎರಡು ಹಾಕು ಎಂದ. ಮದುವೆಯನ್ನು ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳೋಣ, ಬಿಸಿಲು ಏರುವ ಮೊದಲು, ಮುಂಜಾನೆಯ ಮುಹೂರ್ತ, ಹುಡುಗಿಗೆ ಬಿಸಿಲು ತಾಗಬಾರದು ಎಂದು ಉಣ್ಣುತ್ತಾ ಹೇಳಿದ.

ನಾನು ಮಾತಾಡಿ ಸಿದ್ದರಾಮನನ್ನು ಒಪ್ಪಿಸಿದೆ ಎಂದು ಊರಲ್ಲಿ ಸುದ್ದಿಯಾಗಿದೆ. ಅಂಗಡಿಯಲ್ಲಿ ನಡೆದದ್ದನ್ನು ಕೊಡದ ಹೆಂಗಸು ಖರೆ ಖರೆ ಹೇಳಿಕೊಂಡು ತಿರುಗುತ್ತಿದ್ದಾಳಂತೆ, ಪುಣ್ಯಕ್ಕೆ ಅವಳದು ಲಕ್ಷ್ಮೇಶ್ವರ. ಮದುವೆಗೆ ಮೊದಲು ಡಾಕ್ಟರರ ಹತ್ತಿರ ಇನ್ನೊಂದು ಸಲ ಹೋಗಬೇಕಿತ್ತು. ನಾನು ರುಮಾಲು ಹುಡುಕುವಷ್ಟರಲ್ಲಿ ಶಾರದವ್ವ ಹೊಸ ಇಳಕಲ್ ಸೀರೆ ಉಟ್ಟು ಶಾಂಭವಿಯ ಜೊತೆ ಬಸ್ಸು ಹತ್ತಿಯಾಗಿತ್ತು. ಎಮ್ಮೆಗೆ ನೀರು ಕುಡಿಸಲು ಮರೆಯಬೇಡಿರೆಂದು ಕಿಟಕಿಯಿಂದ ಹೇಳಿದಳು.